ಹದಿನೇಳನೆಯ ಹುಣಸೆಬೀಜ

ನಮ್ಮ ಚಂದ್ರಾಮ ಹೈದರಾಬಾದಿನಲ್ಲಿ ಆಕಾಶದ ಓದು ಓದಿ ಬಂದಿದ್ದಾನೆಂಬ ಸುದ್ದಿ ಕೊಳಕೂರಿನಲ್ಲಿ ಹಬ್ಬಿದ ಮರುದಿನವೇ ಒಬ್ಬಾಕೆ ನಮ್ಮ ಬಾಗಿಲಿಗೆ ಬಂದು, ಕಳೆದುಹೋದ ತನ್ನ ಎಮ್ಮೆಕರು ಯಾವ ದಿಕ್ಕಿಗೆ ಹೋಗಿದೆ ಎಂದು ಕೇಳಿದಳು. ಅದರ ಮರುದಿನ ಇನ್ನಿಬ್ಬರು ಬಂದರು. ಅವರಿಗೆ ಮಗಳ ಲಗ್ನಕ್ಕೆ ಮುಹೂರ್ತ ಬೇಕಾಗಿತ್ತು. ಚಂದ್ರಾಮ ಯಾರ ಮೇಲೂ ಸಿಟ್ಟಾಗಲಿಲ್ಲ. "ನಾ ಜೋಯಿಸ ಅಲ್ರಿ ಯವ್ವಾ" ಎಂದು ಕೈಮುಗಿದು ಕಳಿಸಿದ. ಸಿಟ್ಟಾದವಳು ನಾನು. ಇಪ್ಪತ್ತಾರು ವರ್ಷದ ಹುಡುಗ, ಎಂ.ಎಸ್ಸಿ. ಮಾಡಿ ಎರಡು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವನು, ಅವನನ್ನು ಎಮ್ಮೆಕರು ಹುಡುಕಲು ಹಚ್ಚುತ್ತಾರೆಂದರೆ ಸಿಟ್ಟು ಬರದೆ ಇರುತ್ತದೆಯೇ?

ನಾನು ರೇವಮ್ಮ, ಆ ಮನೆಯ ಸೊಸೆ. ಗೊಬ್ಬೂರಿನ ಕನ್ನಡ ಶಾಲೆ ಮಾಸ್ತರರ ಮಗಳಾದ್ದರಿಂದ ನನಗೆ ಓದು, ಬರಹ, ಮಗ್ಗಿ ಬರುತ್ತಿದ್ದವು. ಹೆಣ್ಣಿಗೆ ಅದರಿಂದೇನು ಉಪಯೋಗ ಎಂದು ಆಡಿಕೊಂಡವರು ಬಹಳ ಜನ. ನಾನು ಮದುವೆಯಾಗಿ ಕೊಳಕೂರಿಗೆ ನಡೆಯಲು ಬಂದಾಗ ಮೈದುನ ಚಂದ್ರಾಮನಿಗೆ ಒಂಬತ್ತು ವರ್ಷ. ಅವನಿಗೆ ಬುತ್ತಿ ಕಟ್ಟಿ ಜೇವರ್ಗಿಯ ಶಾಲೆಗೆ ಕಳಿಸಿದವಳು ನಾನು. ಅವನ ಬಗ್ಗೆ ಸೊಕ್ಕಿನಿಂದ ಮಾತಾಡುವ ಹಕ್ಕು ನನಗಿದೆ ಎಂದೇ ಈಗಲೂ ತಿಳಿದಿದ್ದೇನೆ.

ಅವನು ಆಕಾಶವನ್ನು ನೋಡುತ್ತಲೇ ಇರಲಿಲ್ಲ. ಊರವರಿಗೆ ಅದೇ ದೊಡ್ಡ ಸೋಜಿಗ. ಹೊತ್ತು ಮುಳುಗುವಷ್ಟರಲ್ಲಿ ಉಂಡು ಮಲಗುತ್ತಿದ್ದ. ಬೆಳಿಗ್ಗೆ ಎದ್ದು ಪಡಸಾಲೆಯಲ್ಲಿ ಕಾಗದ ಹರಡಿಕೊಂಡು ಕೂಡುತ್ತಿದ್ದ. ಒಂದು ದಿನ ನಾನು ರೊಟ್ಟಿ ಬಡಿಯುತ್ತಿದ್ದಾಗ ಒಲೆಯ ಹತ್ತಿರ ಬಂದು ಕೂತ.

"ಚಂದ್ರಾಮ, ಆಕಾಶ ನೋಡದ, ಆಕಾಶದ ಲೆಕ್ಕ ಹೆಂಗ ಹಾಕ್ತಿ?" ಎಂದು ಕೇಳಿದೆ.

"ನೋಡಾವ್ರು ಬ್ಯಾರೇ ಅದಾರ ಅತ್ತಿಗಿ. ದೊಡ್ಡ ದೊಡ್ಡ ದುರ್ಬೀನ ಇಟ್ಕೊಂಡು ನೋಡ್ಯಾರ. ಚುಕ್ಕಿ ಗುಂಪೆಲ್ಲ ಒಂದಕ್ಕೊಂದು ದೂರ ಹೊಂಟಾವ ಅಂತ ಹೇಳ್ಯಾರ. ಇವತ್ತು ದೂರ ಹೊಂಟಾವ ಅಂದ್ರ ನಿನ್ನಿ ಇನ್ನಾ ಹತ್ರ ಇದ್ದುವು, ಹೌದಿಲ್ಲೋ? ಹಂಗ ಹಿಂದಕ ಹಿಂದಕ ಹೋದ್ರ?"

"ಎಲ್ಲಾ ಒಂದ ಮುದ್ದಿ ಆಗಿರಬೇಕು."

"ಹಾಂ! ಸಣ್ಣದು, ಸುಡು ಸುಡು ಮುದ್ದಿ. ಅದು ಹಿಗ್ಗಿದಂಗ ಕಾವು ಆರ್ಕೋತ ಬಂದದ. ಹೆಂಗ ಆರ್ತು ಅಂತ ಲೆಕ್ಕ ಹಾಕೂದ ನನ್ನ ಕೆಲಸ. ಉಬ್ಬಿದ ರೊಟ್ಟಿ ನೋಡಿ ಹಿಟ್ಟು ಹೆಂಗಿತ್ತು ಅಂತ ಹೇಳಿದಂಗ."

"ಅದೇನ್ ದೊಡ್ಡದು, ನಾನೂ ಹೇಳ್ತೇನಿ. ಹಿಟ್ಟಿನ ಜಿಗಿ ಹೋಗಿದ್ರ ರೊಟ್ಟಿ ಹರೀತದ."

ಅವನು ಬಿದ್ದು ಬಿದ್ದು ನಕ್ಕ. ಹೊರಗೆ ಕಟ್ಟೆಯ ಮೇಲೆ ಕೂತಿದ್ದ ನಮ್ಮ ಮಾವ ಭೀಮಶಾ ಎಲ್ಲ ಕೇಳಿಸಿಕೊಂಡಿದ್ದರು. "ಲೇ ಚಂದ್ರಾಮ, ಆ ಮುದ್ದಿಗಿಂತ ಮೊದಲ ಏನಿತ್ತು?" ಎಂದರು.

"ಅದು ಲೆಕ್ಕಕ್ಕ ಸಿಗಂಗಿಲ್ಲ ಯಪ್ಪಾ. ಮೊಟ್ಟಮೊದಲನೇ ಗಳಿಗಿಗೆ ನಮ್ಮ ಲೆಕ್ಕ ಮುಟ್ಟಂಗಿಲ್ಲ. ಅದರ ಮುಂದಿಂದ ಶುರು ಮಾಡ್ತೇವಿ."

"ಹಂಗಾರ ಅದು ದೇವರ ಪಾಲು" ಎಂದು ಮಾವ ಎಲೆಯಡಿಕೆ ಬಾಯಿಗೆ ಹಾಕಿಕೊಂಡರು. ಮಾತು ಅಲ್ಲಿಗೇ ಮುಗಿಯಿತು.

ಚಂದ್ರಾಮ ರಜೆಗೆ ಬಂದವನಲ್ಲ. ಕಾಲೇಜಿನ ಕೆಲಸ ಮುಗಿದಿತ್ತು. ಅವನ ಪ್ರೊಫೆಸರರು ಒಂದು ದಾರಿ ತೋರಿಸಿದ್ದರು: ವಿಲಾಯತಿಯ ದೊಡ್ಡ ವಿದ್ವಾಂಸರೊಬ್ಬರು ಯುಗಾದಿಯ ಹೊತ್ತಿಗೆ ಹೈದರಾಬಾದಿಗೆ ಬರುವವರಿದ್ದರು. ಅಷ್ಟರೊಳಗೆ ಚಂದ್ರಾಮನ ಲೆಕ್ಕದ ತಖ್ತೆ, ನಲವತ್ತು ಸಾಲಿನ ಕೋಷ್ಟಕ, ಪೂರ್ತಿಯಾಗಿ ಅವರ ಕೈಗೆ ಸೇರಿದರೆ, ಮತ್ತು ಅದು ಸರಿ ಇದ್ದರೆ, ಅವನನ್ನು ತಮ್ಮಲ್ಲಿ ಓದಲು ಕರೆದುಕೊಂಡು ಹೋಗುತ್ತಾರೆ. ಇಲ್ಲದಿದ್ದರೆ ಇವನು ತಾಲೂಕಿನ ಯಾವುದಾದರೂ ಶಾಲೆಯಲ್ಲಿ ಮಾಸ್ತರ. ಮಾಸ್ತರಿಕೆ ಕೆಟ್ಟದ್ದಲ್ಲ, ನಮ್ಮಪ್ಪನೂ ಅದನ್ನೇ ಮಾಡಿದ. ಆದರೆ ಇವನು ಅದಕ್ಕೆ ಹುಟ್ಟಿದವನಲ್ಲ.

ನನ್ನ ಗಂಡ ದೇವಿಂದ್ರಪ್ಪನವರಿಗೆ (ಗಂಡನ ಹೆಸರು ಬಾಯಲ್ಲಿ ಹೇಳಬಾರದು, ಬರೆಯಬಾರದೆಂದು ಯಾರೂ ಹೇಳಿಲ್ಲ) ಇದೊಂದೂ ಒಪ್ಪಿಗೆಯಾಗಲಿಲ್ಲ. ಹಿಂಗಾರಿ ಜೋಳ ಕಿತ್ತು ಕಣಕ್ಕೆ ಹಾಕುವ ದಿನಗಳು ಅವು. ಒಂದು ಮಧ್ಯಾಹ್ನ ಊಟಕ್ಕೆ ಕೂತವರು ಪುಂಡಿಪಲ್ಯದ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

"ಜ್ವಾಳ ಕಿತ್ತಿ ಕಿತ್ತಿ ನನ್ನ ಅಂಗೈ ಬೊಬ್ಬಿ ಬಂದಾವ. ಇವಾ ನೆಳ್ಳಾಗ ಕುಂತು ಸೃಷ್ಟಿ ಹೆಂಗ ಹುಟ್ತು ಅಂತ ಲೆಕ್ಕ ಹಾಕಾಕತ್ತಾನ! ಹುಟ್ಟೂದು ಹುಟ್ಟಿ ಹೋಗ್ಯಾದ. ಈಗ ಅದರ ಬಾಣಂತನ ಮಾಡಾವ್ರು ನಾವು."

"ಉಣ್ಣೂ ಮುಂದ ಜಗಳ ಬ್ಯಾಡೋ" ಎಂದರು ಅತ್ತೆ ನಿಂಬೆವ್ವ.

"ಮತ್ಯಾವಾಗ ಮಾಡ್ಲಿ? ಉಳದ ಹೊತ್ನ್ಯಾಗ ನನಗ ಪುರಸೊತ್ತಿಲ್ಲ."

"ಅಣ್ಣನ ಮಾತು ಖರೆ ಅದ" ಎಂದ ಚಂದ್ರಾಮ. "ನಾಳಿಗೆ ಕಣಕ್ಕ ನಾನೂ ಬರ್ತೇನಿ."

ನಾನು ಬೇಡ ಎನ್ನಬೇಕಿತ್ತು. ಗಂಡ ಎದುರಿಗಿದ್ದರಲ್ಲ, ಬಾಯಿ ಬರಲಿಲ್ಲ.

ಮರುದಿನ ಜೋಳ ತೂರುವಾಗ ಚಂದ್ರಾಮ ಗಾಳಿಗೆ ಎದುರು ನಿಂತ. ಕಣದ ಕೆಲಸ ಬಿಟ್ಟು ಹತ್ತು ವರ್ಷವಾದವನಿಗೆ ಎಲ್ಲಿ ನಿಲ್ಲಬೇಕೆಂಬುದೂ ಮರೆತಿತ್ತು. ಹಾರಿದ ಹೊಟ್ಟೆಲ್ಲ ಕಣ್ಣಿಗೆ ಬಿತ್ತು. ಉಜ್ಜಬಾರದು, ಉಜ್ಜಿದ. ಅತ್ತೆ ಔಡಲೆಣ್ಣೆ ಹಾಕಿದರು, ಇನ್ನಷ್ಟು ಊದಿತು. ಮೂರನೆಯ ದಿನ ಬಂಡಿ ಕಟ್ಟಿ ಜೇವರ್ಗಿಯ ದವಾಖಾನೆಗೆ ಒಯ್ದೆವು. ಕಣ್ಣುಗುಡ್ಡೆಗೆ ಗಾಯವಾಗಿದೆ, ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಯುಗಾದಿ ದಾಟುವ ತನಕ ಕತ್ತಲೆಯಲ್ಲೇ ಇರಬೇಕು, ನಡುವೆ ಬಿಚ್ಚಿದರೆ ದೃಷ್ಟಿ ಹೋಗುತ್ತದೆ ಎಂದರು ಡಾಕ್ಟರರು.

ಯುಗಾದಿಗೆ ಮೂವತ್ತೇಳು ದಿನ ಉಳಿದಿದ್ದವು.

ತಿರುಗಿ ಬರುವಾಗ ನನ್ನ ಗಂಡ ಎತ್ತುಗಳನ್ನು ಸಹ ಬೈಯಲಿಲ್ಲ. ಮನೆ ಮುಟ್ಟಿದ ಮೇಲೆ ತಮ್ಮನ ಕೈಹಿಡಿದು ಇಳಿಸಿ, "ನನ್ನ ಬಾಯಿಗೆ ಬೆಂಕಿ ಬೀಳ್ಲಿ" ಎಂದರು. ಅವರ ಕಣ್ಣಲ್ಲಿ ನೀರು ಬಂದಿದ್ದನ್ನು ಅದೇ ಮೊದಲು ನೋಡಿದೆ.

ಎರಡು ದಿನ ಚಂದ್ರಾಮ ಸುಮ್ಮನೆ ಬಿದ್ದುಕೊಂಡ. ಮೂರನೆಯ ದಿನ ಬೆಳಿಗ್ಗೆ ಕರೆದ. "ಅತ್ತಿಗಿ, ನನ್ನ ತಲಿ ಕುರುಡಾಗಿಲ್ಲ. ಹೆಂಗ ಮಾಡ್ಬೇಕು ಅಂತ ನಾ ಹೇಳ್ತೇನಿ. ನೀ ಬರೀತಿಯೇನು?"

"ನನಗ ಇಂಗ್ರೇಜಿ ಅಂಕಿ ಬರಂಗಿಲ್ಲಲ್ಲೋ."

"ಹತ್ತು ಅಂಕಿ ಅವ, ಹತ್ತೇ ಹತ್ತು."

ಒಂದು ಮಧ್ಯಾಹ್ನದಲ್ಲಿ ಕಲಿತೆ. ಆದರೆ ಗುಣಾಕಾರದ ವೇಗ ನನಗಿರಲಿಲ್ಲ. ಒಂದು ಸಾಲು ಮುಗಿಸಲು ಇಡೀ ದಿನ ಹಿಡಿಯಿತು, ನಡುವೆ ಒಲೆಯ ಮೇಲಿನ ಬೇಳೆ ಹೊತ್ತಿತು, ಅತ್ತೆ ಮಾತು ಬಿಟ್ಟರು. ಆಗ ಮಾವ ಬಾಗಿಲಲ್ಲಿ ನಿಂತು, "ಅದರಾಗ ಏನದ? ಹೇಳು, ನಾ ಬಾಯಿಲೇ ಹೇಳ್ತೇನಿ" ಎಂದರು.

ನಮ್ಮ ಮಾವನ ಬಗ್ಗೆ ಹೇಳಬೇಕು. ಸುತ್ತ ಏಳು ಹಳ್ಳಿಯ ಕಣಗಳಲ್ಲಿ ರಾಶಿ ಅಳೆಯುವವರು ಅವರು. ಪಾಯಲಿ ಎಂದರೆ ನಾಲ್ಕು ಸೇರಿನ ಅಳತೆ. ಅವರು ಪಾಯಲಿ ಹಿಡಿದರೆ ಗೌಡನಾಗಲಿ ಕೂಲಿಯವನಾಗಲಿ ಎದುರು ಮಾತಾಡುತ್ತಿರಲಿಲ್ಲ. ಓದು ಬಾರದು. ಆದರೆ ಕಾಲು, ಅರ್ಧ, ಮುಕ್ಕಾಲಿನ ಮಗ್ಗಿಗಳೆಲ್ಲ ನಾಲಿಗೆಯ ಮೇಲೆ. ಚಂದ್ರಾಮನ ಲೆಕ್ಕವೂ ಅವರಿಗೆ ಒಗ್ಗುವಂಥದೇ ಆಗಿತ್ತು: ಒಂದು ಅಂಕಿಯಿಂದ ಶುರು ಮಾಡು, ಅದರಲ್ಲಿ ಇಂತಿಷ್ಟು ಪಾಲು ಕಳೆ, ಉಳಿದದ್ದರಲ್ಲಿ ಮತ್ತೆ ಅಷ್ಟೇ ಪಾಲು ಕಳೆ, ಹೀಗೆ ಹದಿನಾರು ಸಲ ಕಳೆದರೆ ಒಂದು ಸಾಲು. ಆ ಸಾಲಿನ ಕೊನೆಯ ಅಂಕಿಯಿಂದ ಮುಂದಿನ ಸಾಲು ಶುರು, ಕಳೆಯುವ ಪಾಲು ಮಾತ್ರ ಬೇರೆ.

ಹೀಗಾಗಿ ಕೆಲಸ ಹಂಚಿಕೊಂಡೆವು. ಕಾಗದ ಕಡಿಮೆ ಇದ್ದದ್ದರಿಂದ ನಾನು ಪಡಸಾಲೆಯ ಶಹಾಬಾದ ಫರಸಿಕಲ್ಲಿನ ಮೇಲೆ ಸುಣ್ಣದ ಕಡ್ಡಿಯಿಂದ ಬರೆಯುವುದು, ಅಳಿಸುವುದು. ಸಾಲಿಗೆ ಕಳೆಯುವ ಪಾಲು, ಕೊನೆಯ ಅಂಕಿ, ಇವೆರಡನ್ನು ಮಾತ್ರ ಕಾಗದಕ್ಕೆ ಏರಿಸುವುದು. ಪಾಲು ಕಳೆದು ಉಳಿದದ್ದನ್ನು ಮಾವ ಹೇಳುವುದು. ಎಷ್ಟು ಸಲವಾಯಿತೆಂಬ ಎಣಿಕೆಯೂ ಅವರದೇ. ಹದಿನಾರು ಹುಣಸೆಬೀಜ ಎದುರಿಗಿಟ್ಟುಕೊಂಡು ಒಂದೊಂದನ್ನೇ ಆಚೆ ಸರಿಸುವರು. ನಾನು ಮೊದಲ ಅಂಕಿ ಬರೆದ ಕೂಡಲೇ "ಲಾಭ" ಎಂದು ಒಂದು ಬೀಜ ತೆಗೆದು ದೇವರ ಗೂಡಿನಲ್ಲಿಡುವರು. ಆಮೇಲೆ ಎರಡು, ಮೂರು, ನಾಲ್ಕು. ನಮ್ಮ ಕಡೆ ರಾಶಿ ಅಳೆಯುವಾಗ ಯಾರೂ ಒಂದು ಎನ್ನುವುದಿಲ್ಲ, ಲಾಭ ಎಂದೇ ಶುರು. ಹುಟ್ಟಿದಾಗಿನಿಂದ ಕೇಳಿದ ಮಾತು ಅದು. ಗಾಳಿ ಬೀಸಿದ್ದನ್ನು ಯಾರು ಎಣಿಸುತ್ತಾರೆ?

ಇಪ್ಪತ್ತೆರಡು ದಿನ ನಡೆಯಿತು. ಕಸ, ನೀರು, ರೊಟ್ಟಿ, ಸೆಗಣಿ ಎಲ್ಲ ಮುಗಿಸಿ ನಾನು ಕೂಡುವುದು. ಕಣದಿಂದ ಮಾವ ಬಂದು ಕೂಡುವುದು. ಅತ್ತೆ ಗೊಣಗಿದರು. "ಮಾವ ಸೊಸಿ ನೆಲದ ಮ್ಯಾಲ ಗೆರಿ ಹೊಡ್ಕೋತ ಕುಂತ್ರ ಮನಿ ನಡೀತದೇನು? ಮೂರು ದಿವಸ ಆತು, ಬರೇ ಅಂಬಲಿ."

"ಅಂಬಲಿ ಕುಡದು ಯಾರೂ ಸತ್ತಿಲ್ಲ" ಎಂದರು ನನ್ನ ಗಂಡ. ನಾನು ತಿರುಗಿ ನೋಡಿದೆ. ಅವರು ಬೇರೆ ಕಡೆ ನೋಡಿದರು.

ಚಂದ್ರಾಮನಂತೂ! ಅಂಥ ತಲೆಯನ್ನು ನಾನು ಮತ್ತೆ ಕಂಡಿಲ್ಲ. ಕಣ್ಣಿಗೆ ಪಟ್ಟಿ, ಬೆನ್ನಿಗೆ ಗೋಡೆ. ಆರಂಕಿಯ ಸಂಖ್ಯೆಗಳನ್ನು ನಾನು ಓದಿದರೆ ಸಾಕು, "ಅತ್ತಿಗಿ, ನಾಲ್ಕನೇ ಅಂಕಿ ಮತ್ತೊಮ್ಮಿ ನೋಡು" ಎನ್ನುವನು. ನೋಡಿದರೆ ಖರೆಯೇ ನಾನು ಏಳಕ್ಕೆ ಒಂದು ಬರೆದಿರುತ್ತಿದ್ದೆ. ಒಂದು ದಿನ ಕೂಡ ಕಣ್ಣು ನೋಯುತ್ತದೆ ಎನ್ನಲಿಲ್ಲ, ಅಣ್ಣನಿಂದ ಹೀಗಾಯಿತು ಎನ್ನಲಿಲ್ಲ.

ನಲವತ್ತನೆಯ ಸಾಲು ಮುಗಿದಾಗ ಅವನು ಹೇಳಿದ: ಈ ಕೊನೆಯ ಅಂಕಿ ಇವತ್ತಿನ ಜಗತ್ತಿನದು. ದುರ್ಬೀನಿನವರು ಅಳೆದು ಹೇಳಿರುವ ಅಂಕಿಯೊಂದಿದೆ. ಇದು ಅದರ ಹತ್ತಿರ ಬಂದರೆ ಅವನ ವಿಚಾರ ನಿಂತೀತು. ನಾನು ಓದಿದೆ. ಅವನು ಮತ್ತೊಮ್ಮೆ ಓದಿಸಿದ. ಮೂರನೆಯ ಸಲ ಓದಿಸಲಿಲ್ಲ.

"ಎಷ್ಟು ದೂರ ಅದ?" ಎಂದೆ.

"ಕಲಬುರ್ಗಿಗೆ ಹೋಗಬೇಕಾದಾವ ವಿಜಾಪುರಕ್ಕ ಹೋದಷ್ಟು."

ಅಲ್ಲೊಂದು ಇಲ್ಲೊಂದು ಗುಣಾಕಾರವನ್ನು ತಿರುಗಿ ಕೇಳಿ ನೋಡಿದ. ಮಾವನ ಬಾಯಿಲೆಕ್ಕದಲ್ಲಿ ಒಂದೂ ತಪ್ಪಿರಲಿಲ್ಲ. ಕೊನೆಗೆ ಗೋಡೆಯ ಕಡೆ ಮುಖ ಮಾಡಿದ. "ಲೆಕ್ಕ ಸರಿ ಅದ ಅಂದ ಮ್ಯಾಲ ವಿಚಾರನ ಗಲತ. ಎರಡು ವರ್ಷ ಸುಳ್ಳಿನ ಬೆನ್ನ ಹತ್ತಿದ್ದೆ. ಆ ಕಾಗದ ಒಲಿಗೆ ಹಾಕು ಅತ್ತಿಗಿ. ಅಣ್ಣಾ, ಪಟ್ಟಿ ಬಿಚ್ಚಿದ ಮ್ಯಾಲ ಜೇವರ್ಗ್ಯಾಗ ಮಾಸ್ತರಕಿ ಕೇಳೂಣು."

ಮಾಸ್ತರಿಕೆ ಮಾಡು ಎಂದು ಅವನು ಬಂದಾಗಿನಿಂದ ಬಡಕೊಂಡಿದ್ದ ನನ್ನ ಗಂಡ ಈಗ ಖುಷಿಯಾಗಬೇಕಿತ್ತು. ಅವರು ಉಣ್ಣದೆ ಎದ್ದು ಹೊಲಕ್ಕೆ ಹೋದರು. ನಾನು ಕಾಗದವನ್ನು ಒಲೆಗೆ ಹಾಕಲಿಲ್ಲ. ಜೋಳ ತುಂಬಿಡುವ ಗುಮ್ಮಿಯ ಹಿಂದೆ ಬಚ್ಚಿಟ್ಟೆ. ಇಪ್ಪತ್ತೆರಡು ದಿನದ ನನ್ನ ಅಕ್ಷರ ಅದು, ಸುಡುವುದಕ್ಕೆ ಅವನು ಯಾರು?

ಎರಡು ದಿನ ಬಿಟ್ಟು ರಸೂಲನ ಕಣದಲ್ಲಿ ರಾಶಿ. ರಸೂಲ ನಮ್ಮ ಹೊಲದ ಮಗ್ಗುಲಿನ ರೈತ, ಮಾವನ ಕೈಯಳತೆ ಬಿಟ್ಟು ಬೇರೆ ಅಳತೆ ಒಪ್ಪದವನು. ಮಾವನಿಗೆ ಬುತ್ತಿ ಕೊಡಲು ನಾನು ಹೋದಾಗ ಅಳತೆ ಆಗತಾನೇ ಶುರುವಾಗುತ್ತಿತ್ತು. ಅಳೆಯುವಾಗ ಯಾರೂ ಬಾಯಿ ತೆರೆಯಬಾರದು. ಕಣದ ಅಂಚಿನಲ್ಲಿ ನಿಂತೆ. ಮಾವ ಮೊದಲ ಪಾಯಲಿ ತುಂಬಿ "ಲಾಭ" ಎಂದು ದೇವರ ಬುಟ್ಟಿಗೆ ಸುರಿದರು. ಆ ಬುಟ್ಟಿಯ ಕಾಳನ್ನು ರಸೂಲ ದರ್ಗಾದ ಫಕೀರರಿಗೆ ಕೊಡುತ್ತಿದ್ದ. ಆಮೇಲೆ ಚೀಲಕ್ಕೆ: "ಎರಡು... ಮೂರು... ನಾಲ್ಕು..." ಇಪ್ಪತ್ತಕ್ಕೆ ಚೀಲದ ಬಾಯಿ ಹೊಲಿದರು.

ನಾನು ಬೆರಳು ಮಡಚಿ ಮತ್ತೊಮ್ಮೆ ಎಣಿಸಿದೆ.

"ಮಾವಾರ" ಎಂದುಬಿಟ್ಟೆ, ನಡು ಅಳತೆಯಲ್ಲಿ. ಎಲ್ಲರೂ ಹುಬ್ಬೇರಿಸಿದರು. "ಆ ಚೀಲದಾಗ ಎಷ್ಟು ಪಾಯಲಿ ಅದಾವ್ರಿ?"

ಮಾವ ಸಿಟ್ಟಿನಿಂದ ನೋಡಿದರು. ನನ್ನ ಮುಖ ಕಂಡು ಸಿಟ್ಟು ಇಳಿಯಿತು. "ಹತ್ತೊಂಬತ್ತು."

"ಇಪ್ಪತ್ತು ಎಣಿಸಿದ್ರಲ್ಲರಿ?"

"ಲಾಭ ದೇವರ ಬುಟ್ಟಿಗಿ ಹೋತಲ್ಲವಾ. ಮೊದಲನೇ ಚೀಲಕ್ಕ ಯಾವಾಗೂ ಒಂದು ಕಮ್ಮಿ. ಇದು ಹೊಸದೇನು?"

"ಮನ್ಯಾಗೂ ಹಂಗ ಎಣಿಸಿದ್ರೇನ್ರಿ? ನಾ ಬರೇ ಮೊದಲನೇ ಅಂಕಿ ಬರಿತಿದ್ದೆ, ಇನ್ನಾ ಒಂದ ಪಾಲೂ ಕಳದಿರ್ಲಿಲ್ಲ, ನೀವು ಲಾಭ ಅಂದು ಬೀಜ ತಗದು ಬಿಡ್ತಿದ್ರಿ. ಹದಿನಾರು ಅಂದಾಗ ಕಳದದ್ದು ಹದಿನೈದ ಸಲ!"

ಪಾಯಲಿ ಮಾವನ ಕೈಯಲ್ಲೇ ನಿಂತಿತು. ರಸೂಲನಿಗೆ ಏನೂ ತಿಳಿಯಲಿಲ್ಲ. "ಕ್ಯಾ ಹುವಾ, ಏನಾತು ಭೀಮಶಾಣ್ಣಾ?" ಎಂದ. ಮಾವ ಮತ್ತೆ ರಾಶಿಯ ಕಡೆ ಬಾಗಿದರು. ಅಳೆಯಲು ಹಿಡಿದ ರಾಶಿಯನ್ನು ನಡುವೆ ಬಿಡುವಂತಿಲ್ಲ; ಬಿಟ್ಟರೆ ಆ ಮನೆಗೆ ಕೇಡು. ಎಂಬತ್ತಾರು ಪಾಯಲಿ ಅಳೆದು ಮುಗಿಸಿದರು. ಅಷ್ಟೂ ಹೊತ್ತು ನಾನು ಕಣದಂಚಿಗೇ ನಿಂತೆ. ಆಮೇಲೆ ಮಾವ ಬುತ್ತಿ ಮುಟ್ಟದೆ ಮನೆಯ ಕಡೆ ನಡೆದರು. ನಾನು ಹಿಂದಿನಿಂದ ಓಡಿದೆ.

ಪಡಸಾಲೆಗೆ ಬಂದವರು ತಲೆಯ ರುಮಾಲು ತೆಗೆದು ಮಗನ ಮುಂದೆ ಇಟ್ಟರು. ಐವತ್ತು ವರ್ಷದಲ್ಲಿ ಯಾವ ಕಣದಲ್ಲೂ ಇಳಿಸದ ರುಮಾಲು.

"ಚಂದ್ರಾಮ, ನಿನ್ನ ಲೆಕ್ಕ ನಾ ಕೆಡಿಸೇನಿ" ಎಂದರು. "ಇನ್ನ ಮ್ಯಾಲ ಪಾಯಲಿ ಮುಟ್ಟಂಗಿಲ್ಲ."

ನಾನು ನಡೆದದ್ದನ್ನು ಹೇಳಿದೆ. ಚಂದ್ರಾಮ ಕೈಚಾಚಿ ತಡಕಾಡಿದ. ಬಟ್ಟೆ ಸಿಕ್ಕಿತು, ಆಮೇಲೆ ಅಪ್ಪನ ಬೋಳುತಲೆ. ಕಣ್ಣು ಕಾಣದವನು ಕೈಯಳತೆಯಲ್ಲೇ ಆ ರುಮಾಲನ್ನು ಅಪ್ಪನ ತಲೆಗೆ ಸುತ್ತಿದ. ಸೊಟ್ಟಗಾಗಿತ್ತು. ನಾನು ಅತ್ತುಬಿಟ್ಟೆ, ಅದನ್ನೇನು ಮುಚ್ಚಿಡುವುದು.

"ಇಪ್ಪತ್ತೆರಡು ದಿವಸ ನೀ ಲಾಭ ಅಂದದ್ದು ನಾನೂ ಕೇಳೇನಿ ಯಪ್ಪಾ. ಸಣ್ಣಾಂವಿದ್ದಾಗಿಂದ ಕೇಳೇನಿ. ನನಗರ ಎಲ್ಲಿ ಹೊಳೀತು? ತಪ್ಪು ಇಬ್ಬರದೂ ಅದ." ಆಮೇಲೆ ನೆಟ್ಟಗೆ ಕೂತ. "ಹಂಗಾರ ನನ್ನ ವಿಚಾರ ಸುಳ್ಳು ಅಂತ ಇನ್ನಾ ಯಾರೂ ಹೇಳಿಲ್ಲ! ಅತ್ತಿಗಿ, ಎಷ್ಟು ದಿವಸ ಉಳದಾವ?"

"ಯುಗಾದಿಗೆ ಹತ್ತು. ಆದ್ರ ಲಾಡ್ಲೆಸಾಬ ಟಪಾಲ ಚೀಲ ಹೊತ್ಕೊಂಡು ಹೋಗೂದು ಅದರ ಹಿಂದಿನ ಶುಕ್ರಾರ. ಹಿಡದ್ರ ಎಂಟು ದಿವಸ."

ನಲವತ್ತು ಸಾಲು, ಎಂಟು ದಿನ. ಒಂದರ ಬೆನ್ನಿಗೆ ಒಂದು ಬರುವ ಲೆಕ್ಕ. ಮೊದಲ ಸಾಲಿನಿಂದಲೇ ತಿರುಗಿ ಹಾಕಬೇಕು. ದಿನಕ್ಕೆ ಐದು.

"ಕಾಗದ ಸುಟ್ಟೀಯಲ್ಲ?" ಎಂದ.

"ನಾ ಯಾವಾಗ ನಿನ್ನ ಮಾತು ಕೇಳೇನಿ?" ಎಂದು ಗುಮ್ಮಿಯ ಹಿಂದಿನಿಂದ ಕಾಗದ ತಂದೆ. ಪ್ರತಿ ಸಾಲಿಗೆ ಎಷ್ಟು ಪಾಲು ಕಳೆಯಬೇಕೆಂಬುದು ಅದರಲ್ಲೇ ಬರೆದಿತ್ತು.

ಕೂತೆವು. ಮೊದಲ ಅಂಕಿ ಬರೆದೆ, ಮಾವ ಪಾಲು ಕಳೆದು ಹೇಳಿದರು, ಬೀಜ ಹಿಡಿದರು. "ಒಂದು" ಎನ್ನಬೇಕು. ಬಾಯಿ ತೆರೆದರು. ಬರಲಿಲ್ಲ. ಮತ್ತೊಮ್ಮೆ ತೆರೆದರು, "ಲಾಭ" ಎಂದೇ ಬಂತು. "ನನ್ನ ನಾಲಿಗಿ ಹೊಳ್ಳಂಗಿಲ್ಲವಾ. ಲಾಭ ಅನ್ನದ ಶುರು ಮಾಡಿದ್ರ ನನಗ ಮುಂದಿಂದೆಲ್ಲ ಮರೀತದ."

ಅಡುಗೆಮನೆಯಿಂದ ಅತ್ತೆ ಕೂಗಿದರು. ಅಕ್ಷರದ ಗಂಧವಿಲ್ಲದ ನಿಂಬೆವ್ವ, ಅಷ್ಟೂ ದಿನ ಗೊಣಗಿದ ನಿಂಬೆವ್ವ. "ಅಯ್ಯ, ಒಂದ ಬೀಜ ಹೆಚ್ಚ ಇಟ್ಕೋರಲ್ಲ! ದೇವರದು ದೇವರಿಗಿ, ಲೆಕ್ಕದ್ದು ಲೆಕ್ಕಕ್ಕ. ಇಷ್ಟಕ್ಕ ಮನಿಮಂದಿ ಎಲ್ಲಾ ಅಳಬೇಕೇನು?"

ಚಂದ್ರಾಮ ಮೊದಲು ನಕ್ಕ. ಆಮೇಲೆ ಮಾವ. ಹದಿನೇಳು ಬೀಜ ಇಟ್ಟೆವು.

ಆ ಎಂಟು ದಿನ ನಮ್ಮ ಮನೆ ತಲೆಕೆಳಗಾಯಿತು. ಎಮ್ಮೆ, ಕಸ, ನೀರು ಅತ್ತೆಯ ಪಾಲಿಗೆ ಹೋದವು. ರೊಟ್ಟಿ? ನನ್ನ ಗಂಡ ಬಡಿದರು. ಹೌದು, ದೇವಿಂದ್ರಪ್ಪನವರೇ, ಮೀಸೆಗೆ ಹಿಟ್ಟು ಹಚ್ಚಿಕೊಂಡು. ಮೊದಲ ದಿನದ ರೊಟ್ಟಿಯನ್ನು ನಾಚಿಕೆಯಾಗಿ ತಾವೊಬ್ಬರೇ ತಿಂದರು. ನಮಗೆ ನುಚ್ಚು ಕುದಿಸಿ ಹಾಕಿದರು. ಸೇದೋ ಬಾವಿಗೆ ಕೊಡ ಹಿಡಿದು ಹೋದಾಗ ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದು ನಕ್ಕರಂತೆ. "ಏನ್ರಿ ದೇವಿಂದ್ರಣ್ಣ, ಮನ್ಯಾಗ ಹಡದಾರೇನು?" ಎಂದು ಒಬ್ಬಾಕೆ ಕೇಳಿದಳಂತೆ.

"ಹೌದವಾ, ಸೃಷ್ಟಿ ಹುಟ್ಟಾಕತ್ತದ. ಬಾಣಂತನ ನನ್ನ ಪಾಲಿಗಿ ಬಂದದ" ಎಂದು ನೀರು ಸೇದಿಕೊಂಡು ಬಂದರು. ಆ ಮನುಷ್ಯನ ಜೊತೆ ನಾನು ಹದಿನೇಳು ವರ್ಷ ಬಾಳಿದ್ದೆ, ಮೆಚ್ಚಿದ್ದು ಅವತ್ತು.

ಶುಕ್ರವಾರ ಲಾಡ್ಲೆಸಾಬ ಬಂದಾಗ ನಾವು ಮೂವತ್ತೊಂಬತ್ತನೆಯ ಸಾಲಿನಲ್ಲಿದ್ದೆವು. ಜೇವರ್ಗಿಯಿಂದ ಟಪಾಲು ಚೀಲ ಹೊತ್ತು ನಡೆಯುತ್ತಿದ್ದ ಮನುಷ್ಯ, ಯಾರ ಮನೆಯಲ್ಲೂ ಕೂತವನಲ್ಲ. "ಜಲ್ದಿ ಕೊಡ್ರಿ, ಹೊತ್ತಾತು" ಎಂದ. ಅತ್ತೆ ಒಂದು ಚೆಂಬು ಮಜ್ಜಿಗೆ ಕೊಟ್ಟರು. ಮುಗಿಯಿತು. ಇನ್ನೊಂದು ಕೊಟ್ಟರು. ಒಳಗೆ "ಹದಿನಾರು... ಹದಿನೇಳು" ಎಂಬ ದನಿ ಕೇಳಿ ಅವನು ಇಣುಕಿದ; ಆಮೇಲೆ ಏನನ್ನಿಸಿತೋ, ಚೀಲ ಇಳಿಸಿ ಕೂತೇಬಿಟ್ಟ.

ನಲವತ್ತನೆಯ ಸಾಲು. ನಾನು ಕೊನೆಯ ಅಂಕಿ ಬರೆದೆ. ಒಂದೊಂದೇ ಅಂಕಿ ಹೇಳಿದೆ. ಚಂದ್ರಾಮ ತುಟಿ ಅಲುಗಿಸುತ್ತ ಕೇಳಿದ. ಕೇಳಿ ಮುಗಿದ ಮೇಲೆ ತಲೆಯನ್ನು ಗೋಡೆಗೆ ಆನಿಸಿದ.

"ವಿಜಾಪುರೇನು?" ಎಂದರು ನನ್ನ ಗಂಡ, ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು.

"ಇಲ್ಲಣ್ಣಾ" ಎಂದ ಚಂದ್ರಾಮ. "ಕಲಬುರ್ಗಿ ಕೋಟಿ ಗೋಡಿ ಕಾಣಾಕತ್ತದ."

ಆ ಯುಗಾದಿಗೆ ನಮ್ಮ ಮನೆಯಲ್ಲಿ ಹೋಳಿಗೆ ಆಗಲಿಲ್ಲ. ಬೇವು ಬೆಲ್ಲ ತಿಂದು ಎಲ್ಲರೂ ಮಧ್ಯಾಹ್ನದ ತನಕ ಮಲಗಿದೆವು. ಪಟ್ಟಿ ಬಿಚ್ಚಿದಾಗ ಎಡಗಣ್ಣು ಪೂರ್ತಿ ಬಂತು, ಬಲಗಣ್ಣಿಗೆ ಮಂಜು ಉಳಿಯಿತು. ತಿಂಗಳ ಮೇಲೆ ಹೈದರಾಬಾದಿನಿಂದ ಕಾಗದ ಬಂತು. ಮಳೆಗಾಲ ಶುರುವಾಗುವಷ್ಟರಲ್ಲಿ ಚಂದ್ರಾಮ ಹಡಗು ಹತ್ತಿದ. ಅವನ ಬೆನ್ನಿಗೇ ದೊಡ್ಡ ಲಡಾಯಿ, ಜಗತ್ತಿನ ಯುದ್ಧ, ಶುರುವಾಯಿತು. ವರ್ಷಕ್ಕೆ ಒಂದೋ ಎರಡೋ ಕಾಗದ, ಅದರಲ್ಲೂ ಅರ್ಧ ಸಾಲಿಗೆ ಸರಕಾರದವರು ಮಸಿ ಬಳಿದದ್ದು. ಡಾಕ್ಟರ ಆದೆ ಎಂದು ಬರೆದ. ಊರವರು ಅವನು ಬಂದರೆ ಮೊಣಕಾಲು ನೋವು ತೋರಿಸಬೇಕೆಂದು ಕಾದರು. ಬೈಯುವುದನ್ನು ನಾನು ಬಿಟ್ಟಿದ್ದೆ.

ಲಡಾಯಿ ಮುಗಿದ ಮರುವರ್ಷ ಲಾಡ್ಲೆಸಾಬ ಒಂದು ದಪ್ಪ ಲಕೋಟೆ ತಂದ. ಅವನ ಗಡ್ಡವೂ ಬೆಳ್ಳಗಾಗಿತ್ತು. ಒಳಗೆ ಅಚ್ಚಾದ ಪುಸ್ತಕ, ಅದರಲ್ಲಿ ಚಂದ್ರಾಮನ ಹೆಸರು, ನಡುವೆ ನಮ್ಮ ತಖ್ತೆ. ಆರು ವರ್ಷ ಅವನು ಅದನ್ನು ಇನ್ನಷ್ಟು ತಿದ್ದಿ ಬೆಳೆಸಿದ್ದನಂತೆ. ಆದರೂ ನೋಡಿದ ಕೂಡಲೇ ಗುರುತು ಸಿಕ್ಕಿತು. ನನ್ನ ಕೈಯಿಂದ ಫರಸಿಯ ಮೇಲೆ ಹುಟ್ಟಿದ ಅಂಕಿಗಳು.

ಮಾವನಿಗೆ ಆಗ ಕಿವಿ ಮಂದವಾಗಿತ್ತು, ಪಾಯಲಿ ಮಾತ್ರ ಬಿಟ್ಟಿರಲಿಲ್ಲ. ಕಟ್ಟೆಯ ಮೇಲೆ ಅವರ ಮಗ್ಗುಲಿಗೆ ಕೂತು ಜೋರಾಗಿ ಓದಿದೆ.

"ಸಾಲಿನ ನಂಬರ ಹಾಕ್ಯಾನೇನು?" ಎಂದರು.

"ಹಾಕ್ಯಾನ್ರಿ. ನಲವತ್ತರ ತನಕ ಅವ."

"ಮೊದಲನೇ ಸಾಲಿಗಿ ಏನ್ ಹಾಕ್ಯಾನ?"

ಆಗ ನೋಡಿದೆ. ಮೊದಲ ಸಾಲಿನ ಮುಂದೆ ನಂಬರೇ ಇರಲಿಲ್ಲ. ಅಚ್ಚಿನವರ ತಪ್ಪೇನೋ ಎಂದುಕೊಂಡೆ. ಜೊತೆಗಿದ್ದ ಕಾಗದ ಬಿಚ್ಚಿದರೆ ಚಂದ್ರಾಮ ಬರೆದಿದ್ದ: ಅಲ್ಲಿ ಒಂದು ಹಾಕಿ ಎಂದು ಅಚ್ಚಿನವರು ಮೂರು ಸಲ ಕೇಳಿದರು, ನಾನು ಮೂರು ಸಲವೂ ಬೇಡ ಎಂದೆ, ಅಪ್ಪನಿಗೆ ಹೇಳು.

"ಏನೂ ಹಾಕಿಲ್ರಿ ಮಾವಾರ" ಎಂದೆ. "ಮೊದಲನೇದಕ್ಕ ಖಾಲಿ ಬಿಟ್ಟಾನ. ಎರಡರಿಂದ ಶುರು ಮಾಡ್ಯಾನ."

ಕೇಳಿಸಲಿಲ್ಲವೇನೋ ಎಂದು ಮತ್ತೊಮ್ಮೆ ಹೇಳಲು ಹೋದೆ. ಅವರು ಕೈಯೆತ್ತಿ ತಡೆದರು. ರುಮಾಲಿನ ಚುಂಗಿನಿಂದ ಕಣ್ಣೊರೆಸಿಕೊಂಡರು.

"ಬರೋಬ್ಬರಿ ಅಳದಾನ ನನ್ನ ಮಗ" ಎಂದರು. ಆಮೇಲೆ ಪಾಯಲಿ ಎತ್ತಿಕೊಂಡು ರಸೂಲನ ಕಣಕ್ಕೆ ಹೊರಟರು.